ಹೊಸ ಪಿಸ್ತೂಲಿಗೆ ಏನು ಜೋಡಿಸಬೇಕು, ಯಾವುದನ್ನು ಮುಟ್ಟಬಾರದು: ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮೊದಲ 9 ಎಂ.ಎಂ. ಪಿಸ್ತೂಲು ಕೈಗೆ ಬಂದ ವಾರದಲ್ಲೇ ಅದರ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ) ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್, ಗುಂಡು ತುಂಬುವ ಮ್ಯಾಗಜೀನಿನ ತಳದ ಮುಚ್ಚಳ, ಸ್ಲೈಡ್ ತಡೆಯುವ ಲಿವರ್ ಮೂರನ್ನೂ ಬದಲಾಯಿಸಿದ್ದೆ. ರೇಂಜಿನಲ್ಲಿ ಹತ್ತನೆಯ ಗುಂಡಿಗೇ ಅದರ ಖಾಲಿ ಕೇಸ್ (ಲೋಹದ ಕವಚ) ಸಿಕ್ಕಿಕೊಂಡು ಸ್ಲೈಡ್ ಅರ್ಧದಲ್ಲಿ ನಿಂತಿತು. ತೆಗೆದು ಮತ್ತೆ ಹಾರಿಸಿದರೆ ಇನ್ನೊಂದು ಬಗೆಯ ತೊಂದರೆ. ಮೂರರಲ್ಲಿ ಯಾವುದು ಕಾರಣ ಎಂದು ಪತ್ತೆ ಹಚ್ಚಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಮೂರನ್ನೂ ಕಳಚಿ ಕಾರ್ಖಾನೆಯ ಭಾಗಗಳನ್ನೇ ಮರಳಿ ಹಾಕಿದ ಮೇಲೆ ಪಿಸ್ತೂಲು ಗಡಿಯಾರದಂತೆ ನಡೆಯಿತು. ಈ ಬರಹದಲ್ಲಿ ಹೇಳುವ ಎಲ್ಲದರ ಬೇರು ಆ ಎರಡು ತಿಂಗಳಲ್ಲಿದೆ: ಮೊದಲು ಇದ್ದಂತೆಯೇ ಹಾರಿಸಿ ನೋಡಿ, ಆಮೇಲೆ ಒಂದೊಂದನ್ನೇ ಬದಲಾಯಿಸಿ, ಪ್ರತಿ ಬದಲಾವಣೆಯನ್ನೂ ಪರೀಕ್ಷಿಸಿ.

ಇಲ್ಲಿರುವ ಕ್ರಮ ನಾನು ಹಣ ಮತ್ತು ಸಮಯ ಖರ್ಚು ಮಾಡುವ ಕ್ರಮವೇ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಿನುಗುವ ಭಾಗಗಳು ಇದರಲ್ಲಿ ಕೊನೆಗೆ ಬರುತ್ತವೆ, ಕೆಲವು ಬರುವುದೇ ಇಲ್ಲ.

ಕೆಲಸಕ್ಕೆ ಕೂರುವ ಮುನ್ನ

ಪಿಸ್ತೂಲಿನ ಮೇಲೆ ಯಾವ ಕೆಲಸ ಮಾಡುವುದಾದರೂ, ಬರೀ ಸ್ಕ್ರೂ ಬಿಗಿಯುವುದಾದರೂ ಸರಿ, ಮೊದಲು ಅದನ್ನು ಖಾಲಿ ಮಾಡಬೇಕು. ನಳಿಕೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ ಹಿಡಿಯಿರಿ. ಬೆರಳು ಟ್ರಿಗರಿನಿಂದ ಹೊರಗಿರಲಿ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರಿನಲ್ಲಿರುವ (ನಳಿಕೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಗುಂಡನ್ನು ಹೊರಹಾಕಿ. ಈ ಕ್ರಮ ತಲೆಕೆಳಗಾದರೆ ಹೊರಬಂದ ಗುಂಡಿನ ಹಿಂದೆಯೇ ಇನ್ನೊಂದು ಗುಂಡು ಮ್ಯಾಗಜೀನಿನಿಂದ ಚೇಂಬರಿಗೆ ಏರಿಬಿಡುತ್ತದೆ. ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ರಿವಾಲ್ವರ್ ಆಗಿದ್ದರೆ ಸಿಲಿಂಡರ್ ತೆರೆದು ಪ್ರತಿಯೊಂದು ಕೋಣೆಯನ್ನೂ ಎಣಿಸಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಕೆಲಸದ ಮೇಜಿನ ಮೇಲೆ ಒಂದೂ ಬೇಡ.

ಇನ್ನೊಂದು ಮಾತು ಕಾನೂನಿನದು. ಮ್ಯಾಗಜೀನಿನ ಅಳತೆ, ನಳಿಕೆಯ ಬದಲಾವಣೆ, ಸದ್ದಡಗಿಸುವ ಸಾಧನ, ಲೇಸರ್, ಸಾಗಿಸುವ ರೀತಿ ಇವೆಲ್ಲದರ ಬಗ್ಗೆ ನೀವಿರುವ ಕಡೆಯ ನಿಯಮ ಏನು ಹೇಳುತ್ತದೆ, ನಿಮ್ಮ ಪರವಾನಗಿಯಲ್ಲಿ ಏನು ಬರೆದಿದೆ ಎಂದು ಕೊಳ್ಳುವ ಮೊದಲೇ ಓದಿ. ಸ್ಪರ್ಧೆಗೆ ಹೋಗುವವರು ಸ್ಪರ್ಧೆಯ ನಿಯಮಾವಳಿಯನ್ನೂ ಓದಬೇಕು. ಉದಾಹರಣೆಗೆ ಪ್ರಾಕ್ಟಿಕಲ್ ಶೂಟಿಂಗಿನ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಎಸ್‌ಸಿ ಸ್ಪರ್ಧೆಗಳ ಪ್ರೊಡಕ್ಷನ್ ವಿಭಾಗದಲ್ಲಿ ಮಾರ್ಪಾಡಿಗೆ ಕಟ್ಟುನಿಟ್ಟಾದ ಮಿತಿಗಳಿವೆ.

ಹಂತ 1: ಏನೂ ಮುಟ್ಟದೆ ಇನ್ನೂರು ಗುಂಡು

ಹೊಸ ಪಿಸ್ತೂಲನ್ನು ಬಿಚ್ಚಿ, ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಬಳಿದಿರುವ ಎಣ್ಣೆಯನ್ನು ಒರೆಸಿ, ಕೈಪಿಡಿ ತೋರಿಸಿದ ಜಾಗಗಳಿಗೆ ತೆಳುವಾಗಿ ಎಣ್ಣೆ ಹಾಕಿ. ಆಮೇಲೆ ಕನಿಷ್ಠ ಇನ್ನೂರು ಗುಂಡುಗಳನ್ನು ಹಾರಿಸಿ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾಂಕ, ಗುಂಡಿನ ತೂಕ, ಎಷ್ಟನೆಯ ಗುಂಡಿಗೆ ಏನಾಯಿತು ಎಂಬುದನ್ನೆಲ್ಲ ಬರೆಯಿರಿ. ಮ್ಯಾಗಜೀನುಗಳಿಗೆ ಪೇಂಟ್ ಪೆನ್ನಿನಿಂದ 1, 2, 3 ಎಂದು ಅಂಕಿ ಹಾಕಿ. ಗುಂಡು ಸಿಕ್ಕಿಕೊಳ್ಳುವುದು ಪ್ರತಿ ಸಲವೂ 2ನೆಯ ಮ್ಯಾಗಜೀನಿನಲ್ಲೇ ಆದರೆ ರೋಗ ಪಿಸ್ತೂಲಿನದಲ್ಲ, ಆ ಮ್ಯಾಗಜೀನಿನದು. ಅಂಕಿ ಇಲ್ಲದಿದ್ದರೆ ಇದು ತಿಳಿಯುವುದೇ ಇಲ್ಲ.

ಈ ಇನ್ನೂರು ಗುಂಡುಗಳಲ್ಲಿ ನಿಮ್ಮ ಕೈಯೂ ಮಾತಾಡುತ್ತದೆ. ಹೆಬ್ಬೆರಳ ಬುಡದ ಚರ್ಮ ಕೆಂಪಾಯಿತೇ? ಐದಾರು ಗುಂಡಿನ ಮೇಲೆ ಹಿಡಿತ ಜಾರಿ ಮತ್ತೆ ಸರಿಪಡಿಸಿಕೊಳ್ಳಬೇಕಾಯಿತೇ? ಮುಂದಿನ ಸೈಟ್ (ಗುರಿ ಹಿಡಿಯಲು ಸ್ಲೈಡಿನ ಮುಂತುದಿಯಲ್ಲಿರುವ ಪುಟ್ಟ ಉಬ್ಬು) ಗುರಿಯ ಕಪ್ಪಿನಲ್ಲಿ ಕರಗಿಹೋಯಿತೇ? ಗುಂಡುಗಳೆಲ್ಲ ಒಂದೇ ಕಡೆ, ಆದರೆ ಎಡಕ್ಕೆ ಬೀಳುತ್ತಿವೆಯೇ? ಯಾವ ಭಾಗ ಬೇಕು ಎಂಬುದನ್ನು ಈ ದೂರುಗಳು ತೀರ್ಮಾನಿಸಬೇಕು. ಬೇರೆಯವರ ಪಿಸ್ತೂಲಿನ ಫೋಟೋ ನೋಡಿ ಕೊಂಡದ್ದು ಬೇರೆಯವರ ಕೈಗೇ ಸರಿ.

ಹಂತ 2: ಕಿವಿ, ಕಣ್ಣು, ಬೀಗ

ಪಿಸ್ತೂಲಿಗೆ ಜೋಡಿಸುವ ವಸ್ತುಗಳಲ್ಲವಾದರೂ ಮೊದಲ ಖರ್ಚು ಇವಕ್ಕೇ. ಪಿಸ್ತೂಲಿನ ಸದ್ದು 150 ಡೆಸಿಬೆಲ್ ದಾಟುತ್ತದೆ. 140 ಡೆಸಿಬೆಲ್ ದಾಟಿದ ಒಂದೇ ಸಿಡಿತ ಸಾಕು, ಕೇಳುವ ಶಕ್ತಿಗೆ ಶಾಶ್ವತ ಹಾನಿಯಾಗಬಹುದು. ಹಾಳಾದ ಕಿವಿ ಮತ್ತೆ ಚಿಗುರುವುದಿಲ್ಲ. ಮುಚ್ಚಿದ ರೇಂಜಿನಲ್ಲಿ ನಾನು ಕಿವಿಯೊಳಗೆ ಸ್ಪಂಜಿನ ಪ್ಲಗ್, ಅದರ ಮೇಲೆ ಇಯರ್‌ಮಫ್ ಎರಡನ್ನೂ ಹಾಕುತ್ತೇನೆ. ಎರಡರ ರಕ್ಷಣೆ ಕೂಡಿದಷ್ಟೂ ಬರುವುದಿಲ್ಲ; ಹೆಚ್ಚು ರಕ್ಷಣೆ ಕೊಡುವುದರ ಮೇಲೆ ಇನ್ನೊಂದು ಸುಮಾರು 5 ಡೆಸಿಬೆಲ್ ಸೇರಿಸುತ್ತದೆ, ಅಷ್ಟೇ. ಆದರೂ ಅದು ಬೆಲೆಯುಳ್ಳ 5 ಡೆಸಿಬೆಲ್. ಎಲೆಕ್ಟ್ರಾನಿಕ್ ಇಯರ್‌ಮಫ್ ಮಾತನ್ನು ಕೇಳಿಸಿ ಸಿಡಿತವನ್ನು ತಡೆಯುತ್ತದೆ. ತರಬೇತುದಾರರ ಆದೇಶ ಕಿವಿಗೆ ಬೀಳಬೇಕಾದ ಹೊಸಬರಿಗೆ ಇದು ತುಂಬ ಉಪಯುಕ್ತ. ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ ಇರಲಿ. ಬಿಸಿ ಕೇಸ್ ಹಾರಿ ಬಂದು ಕೆನ್ನೆಗೂ ಗಾಜಿಗೂ ನಡುವೆ ಸಿಕ್ಕಿಕೊಳ್ಳದಂತೆ ಮುಖಕ್ಕೆ ಒತ್ತಿ ಕೂರುವುದು ಒಳ್ಳೆಯದು.

ಬೀಗದ ಪೆಟ್ಟಿಗೆ ಮನೆಗೆ ಪಿಸ್ತೂಲಿಗಿಂತ ಮೊದಲು ಬರಬೇಕು, ಅಥವಾ ಅದರ ಜೊತೆಯಲ್ಲೇ. ಮಕ್ಕಳು ಬಂದು ಹೋಗುವ ಮನೆಯಾದರಂತೂ ಈ ಮಾತಿಗೆ ವಿನಾಯಿತಿ ಇಲ್ಲ. ಎತ್ತರದ ಕಪಾಟು, ಬಟ್ಟೆಯ ಅಡಿ, ಹಾಸಿಗೆಯ ಕೆಳಗೆ, ಇವು ಯಾವುವೂ ಬೀಗವಲ್ಲ. ಪೆಟ್ಟಿಗೆಯನ್ನು ಗೋಡೆಗೋ ಭಾರದ ಮರದ ಸಾಮಾನಿಗೋ ಬೋಲ್ಟ್ ಹಾಕಿ ಬಿಗಿಯಿರಿ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯನ್ನು ಕಳ್ಳ ಎತ್ತಿಕೊಂಡೇ ಹೋಗುತ್ತಾನೆ. ಬೆರಳಚ್ಚಿನಿಂದ ತೆರೆಯುವ ಪೆಟ್ಟಿಗೆ ಕೊಂಡರೆ ಒದ್ದೆ ಬೆರಳಲ್ಲೂ ತೆರೆದು ನೋಡಿ, ಬ್ಯಾಟರಿ ಬದಲಿಸುವ ದಿನವನ್ನು ಬರೆದಿಡಿ, ಬದಲಿ ಕೀಲಿಯನ್ನು ಮಕ್ಕಳಿಗೆ ಸಿಗದ ಕಡೆ ಇಡಿ. ಟ್ರಿಗರ್ ಬೀಗವನ್ನು ಗುಂಡು ತುಂಬಿದ ಪಿಸ್ತೂಲಿಗೆ ಎಂದೂ ಹಾಕಬೇಡಿ. ಹಾಕುವಾಗಲೇ ಅದು ಟ್ರಿಗರನ್ನು ಒತ್ತಬಹುದು. ಪೆಟ್ಟಿಗೆಯೊಳಗೆ ಒಂದು ಸಿಲಿಕಾ ಜೆಲ್ ಚೀಲ ಇರಲಿ. ಚರ್ಮದ ಹೋಲ್‌ಸ್ಟರಿನಲ್ಲೇ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಒರೆ) ಪಿಸ್ತೂಲನ್ನು ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವವನ್ನು ಹಿಡಿದುಕೊಳ್ಳುತ್ತದೆ, ಹದ ಮಾಡಲು ಬಳಸಿದ ಲವಣಗಳೂ ಅದರಲ್ಲಿ ಉಳಿದಿರುತ್ತವೆ. ತುಕ್ಕಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ.

ಹಂತ 3: ಹೋಲ್‌ಸ್ಟರ್ ಮತ್ತು ಬೆಲ್ಟ್

ಹಣ ಉಳಿಸಲು ಹೋಗಬಾರದ ಒಂದು ವಸ್ತು ಇದ್ದರೆ ಅದು ಹೋಲ್‌ಸ್ಟರ್. ಪಿಸ್ತೂಲು ನಿಮ್ಮ ಮೈಮೇಲಿರುವ ಹೊತ್ತಿನಲ್ಲಿ ಟ್ರಿಗರನ್ನು ಕಾಯುವುದು ಅದೊಂದೇ. ಎಲ್ಲ ಮಾದರಿಗೂ ಹೊಂದುತ್ತದೆ ಎಂದು ಮಾರುವ ಮೆತ್ತನೆಯ ಬಟ್ಟೆಯ ಚೀಲಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಮಾದರಿಯ ಅಚ್ಚಿಗೇ ಒತ್ತಿ ಮಾಡಿದ ಕೈಡೆಕ್ಸ್ ಅಥವಾ ಗಟ್ಟಿಯಾದ ದಪ್ಪ ಚರ್ಮದ ಹೋಲ್‌ಸ್ಟರ್ ಕೊಳ್ಳಿ. ಕೈಡೆಕ್ಸ್ ಬಿಸಿಗೆ ಮೆತ್ತಗಾಗಿ ತಣಿದಾಗ ಅಚ್ಚಿನ ರೂಪ ಹಿಡಿಯುವ ಪ್ಲಾಸ್ಟಿಕ್. ಬೆವರಿಗೆ ಜಗ್ಗುವುದಿಲ್ಲ, ಬಾಯಿ ಮುಚ್ಚಿಕೊಳ್ಳುವುದಿಲ್ಲ. ಚರ್ಮ ಮೈಗೆ ಹಿತ, ಸದ್ದಿಲ್ಲ, ಆದರೆ ವರ್ಷಗಳು ಕಳೆದಂತೆ ಬಾಯಿ ಸಡಿಲಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ (ಟ್ರಿಗರಿನ ಸುತ್ತಲಿನ ಬಳೆ) ಹೊಕ್ಕರೆ, ಪಿಸ್ತೂಲನ್ನು ಒಳಗೆ ತಳ್ಳುವಾಗ ಬೆರಳಿನ ಕೆಲಸವನ್ನು ಚರ್ಮವೇ ಮಾಡುತ್ತದೆ. ಸವೆದ ಚರ್ಮದ ಹೋಲ್‌ಸ್ಟರನ್ನು ದುರಸ್ತಿ ಮಾಡಿಸಬೇಡಿ, ಎಸೆಯಿರಿ.

ಮನೆಗೆ ತಂದ ಮೇಲೆ ಖಾಲಿ ಪಿಸ್ತೂಲಿನಿಂದ ಈ ಪರೀಕ್ಷೆಗಳನ್ನು ಮಾಡಿ. ಪಿಸ್ತೂಲನ್ನು ಒಳಗಿಟ್ಟು ಹೊರಗಿನಿಂದ ಟ್ರಿಗರ್ ಇರುವ ಜಾಗವನ್ನು ಬೆರಳಿನಿಂದ ಜೋರಾಗಿ ಒತ್ತಿ. ಟ್ರಿಗರ್ ಅಲುಗಾಡಿದಂತೆ ಅನಿಸಿದರೂ ಆ ಹೋಲ್‌ಸ್ಟರ್ ಬೇಡ. ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಅಲುಗಾಡಿಸಿ, ಬೀಳಬಾರದು. ಒಳಗಿರುವಾಗಲೇ ಹಿಡಿಯ ಸುತ್ತ ಮೂರೂ ಬೆರಳು ಪೂರ್ತಿ ಬಿಗಿಯಬೇಕು. ಹೊರಗೆಳೆದ ಮೇಲೆ ಹಿಡಿತ ಸರಿಪಡಿಸಿಕೊಳ್ಳುವಂತಾದರೆ ಅದು ತಪ್ಪು ಹೋಲ್‌ಸ್ಟರ್. ಪಿಸ್ತೂಲು ತೆಗೆದ ಮೇಲೆ ಬಾಯಿ ತೆರೆದೇ ಇರಬೇಕು, ಒಂದೇ ಕೈಯಿಂದ ಮರಳಿ ಇಡಲು ಬರಬೇಕು. ನೂರು ಸಲ ನಿಧಾನವಾಗಿ ತೆಗೆದು ಇಟ್ಟು ಅಭ್ಯಾಸ ಮಾಡಿ, ಆಮೇಲೆ ಸ್ಕ್ರೂಗಳು ಸಡಿಲಾಗಿವೆಯೇ ನೋಡಿ.

ಮರಳಿ ಇಡುವುದಕ್ಕೆ ಎಂದೂ ಅವಸರ ಇರುವುದಿಲ್ಲ. ಅಂಗಿಯ ತುದಿ, ಜಾಕೆಟ್ಟಿನ ಲಾಡಿ, ಅದರ ತುದಿಯ ಪ್ಲಾಸ್ಟಿಕ್ ಗುಂಡಿ ಇವೆಲ್ಲ ಟ್ರಿಗರ್ ಗಾರ್ಡಿನೊಳಗೆ ನುಸುಳುತ್ತವೆ. ಕಣ್ಣಿನಿಂದ ನೋಡಿಯೇ ಇಡಿ.

ಬೆಲ್ಟಿನ ಬಗ್ಗೆ ಒಂದೇ ಮಾತು: ಅಡ್ಡಕ್ಕೆ ಬಾಗದ, ಗಟ್ಟಿಯಾದ ಬೆಲ್ಟ್ ಬೇಕು. ಮೆತ್ತನೆಯ ಬೆಲ್ಟಿನಲ್ಲಿ ಒಳ್ಳೆಯ ಹೋಲ್‌ಸ್ಟರ್ ಕೂಡ ವಾಲಾಡುತ್ತದೆ. ಪಿಸ್ತೂಲಿನ ಕೆಳಗೆ ಟಾರ್ಚ್ ಹಾಕುವ ಯೋಚನೆ ಇದ್ದರೆ ಅದನ್ನು ಮೊದಲು ತೀರ್ಮಾನಿಸಿ. ಟಾರ್ಚ್ ಇರುವ ಪಿಸ್ತೂಲಿಗೆ ಬೇರೆಯದೇ ಅಚ್ಚಿನ ಹೋಲ್‌ಸ್ಟರ್ ಬೇಕಾಗುತ್ತದೆ.

ಹಂತ 4: ಹಿಡಿ

ಹಿಡಿ ಕೈಗೆ ಕೂತಿದೆಯೇ ಎಂದು ನೋಡುವುದು ಹೀಗೆ. ಖಾಲಿ ಪಿಸ್ತೂಲನ್ನು ಹಿಡಿದಾಗ ನಳಿಕೆ ಮುಂಗೈಯ ಮೂಳೆಯ ನೇರಕ್ಕೆ ಬರಬೇಕು, ತೋರುಬೆರಳ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ನಡುವೆ ಕೂರಬೇಕು, ಬೆರಳಿನ ಉಳಿದ ಭಾಗ ಚೌಕಟ್ಟಿಗೆ ಒತ್ತಿಕೊಳ್ಳಬಾರದು. ಬೆರಳ ತುದಿ ಮಾತ್ರ ಮುಟ್ಟುತ್ತಿದ್ದರೆ ಹಿಡಿ ನಿಮಗೆ ದಪ್ಪ. ಈಗಿನ ಬಹಳಷ್ಟು ಪಾಲಿಮರ್ ಪಿಸ್ತೂಲುಗಳ ಜೊತೆ ಪೆಟ್ಟಿಗೆಯಲ್ಲೇ ಎರಡು ಮೂರು ಅಳತೆಯ ಹಿಂಬದಿ ಪಟ್ಟಿಗಳು ಬರುತ್ತವೆ. ಅವನ್ನು ಹಾಕಿ ನೋಡದೆಯೇ ಹೊರಗಿನ ಗ್ರಿಪ್ ಕೊಳ್ಳುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಪ್ರತಿ ಅಳತೆಯಲ್ಲೂ ಐವತ್ತು ಗುಂಡು ಹಾರಿಸಿ, ಗುರಿಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ.

ಕೈ ಜಾರುವುದೇ ತೊಂದರೆಯಾದರೆ ಮರಳು ಕಾಗದದಂಥ ಅಂಟುಪಟ್ಟಿ ಅಗ್ಗದ, ಬೇಡವಾದರೆ ಕಿತ್ತುಹಾಕಬಹುದಾದ ಉಪಾಯ. ಹಿಡಿಯನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ, ಪಟ್ಟಿಯನ್ನು ಮೊದಲು ಅಂಟು ಬಿಚ್ಚದೆ ಇಟ್ಟು ಅಳತೆ ನೋಡಿ, ಮ್ಯಾಗಜೀನ್ ಬಿಡುಗಡೆ ಗುಂಡಿಯ ಸುತ್ತ ಕತ್ತರಿಸಿ, ಅಂಟಿಸಿದ ಮೇಲೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಒತ್ತಿ. ಒಂದು ರಾತ್ರಿ ಬಿಟ್ಟು ಬಳಸಿ. ರಬ್ಬರಿನ ಗ್ರಿಪ್ ಗುಂಡಿನ ಒದೆತವನ್ನು ಮೆತ್ತಗಾಗಿಸುತ್ತದೆ, ಆದರೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಅಂಗಿಯ ಒಳಗೆ ಒಯ್ಯುವವರಿಗೆ ನಯವಾದ ಮರದ್ದೇ ವಾಸಿ. ಸಣ್ಣ ರಿವಾಲ್ವರ್‌ಗಳಲ್ಲಿ ಮಾತ್ರ ನನ್ನ ಮತ ಪೂರ್ತಿ ರಬ್ಬರಿನ ಕಡೆಗೆ. ಟ್ರಿಗರ್ ಗಾರ್ಡಿನ ಹಿಂದಿನ ಸಂದನ್ನು ತುಂಬುವ ಗ್ರಿಪ್ ಹಾಕಿದರೆ ಮಧ್ಯದ ಬೆರಳ ಗೆಣ್ಣಿಗೆ ಬೀಳುವ ಪೆಟ್ಟು ನಿಲ್ಲುತ್ತದೆ, ಅಭ್ಯಾಸ ಇಪ್ಪತ್ತು ಗುಂಡಿನಿಂದ ನೂರಕ್ಕೆ ಏರುತ್ತದೆ. ಬಿಸಿ ಕಬ್ಬಿಣದಿಂದ ಪಾಲಿಮರ್ ಚೌಕಟ್ಟಿಗೆ ಚುಕ್ಕೆ ಚುಚ್ಚುವ ಕೆಲಸವನ್ನು ಹೊಸಬರು ಮಾಡಬೇಡಿ. ಚುಚ್ಚಿದ್ದನ್ನು ಅಳಿಸಲು ಬರುವುದಿಲ್ಲ, ವಾರಂಟಿಯೂ ಹೋಗುತ್ತದೆ.

ಹಂತ 5: ಸೈಟ್

ನನಗೆ ಅತಿ ಪ್ರಿಯವಾದ ಮಾರ್ಪಾಡು ಇದೇ, ಅದರಲ್ಲೂ ಅತಿ ಕಡಿಮೆ ಖರ್ಚಿನದು. ಬಹಳಷ್ಟು ಹೊಸ ಪಿಸ್ತೂಲುಗಳಲ್ಲಿ ಮುಂದೆಯೂ ಬಿಳಿ ಚುಕ್ಕೆ, ಹಿಂದೆಯೂ ಎರಡು ಬಿಳಿ ಚುಕ್ಕೆ. ಮೂರೂ ಒಂದೇ ಬಣ್ಣವಾದಾಗ ಕಣ್ಣು ಯಾವುದರ ಮೇಲೆ ನಿಲ್ಲಬೇಕು ಎಂದು ತಡಕಾಡುತ್ತದೆ. ಹಿಂದಿನ ಚುಕ್ಕೆಗಳನ್ನು ಕಪ್ಪು ಮಾರ್ಕರಿನಿಂದ ಮುಚ್ಚಿ, ಮುಂದಿನದಕ್ಕೆ ಎದ್ದು ಕಾಣುವ ಬಣ್ಣ ಹಚ್ಚಿ ನೋಡಿ.

ಮುಂದಿನ ಸೈಟಿನ ಹಿಂಬದಿಯನ್ನು ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡು ಮೂರು ಸಲ ಒರೆಸಿ. ಎಣ್ಣೆಯ ಪಸೆ ಉಳಿದರೆ ಬಣ್ಣ ವಾರದಲ್ಲಿ ಉದುರುತ್ತದೆ. ಅಸಿಟೋನ್ ಬಳಸುವುದಾದರೆ ಅದು ಪಾಲಿಮರಿಗೆ ತಾಗದಿರಲಿ. ಟೂತ್‌ಪಿಕ್ಕಿನಿಂದ ಬಿಳಿ ಬಣ್ಣವನ್ನು ತೆಳುವಾಗಿ ಹಚ್ಚಿ ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಕಿತ್ತಳೆ ಅಥವಾ ಎಳೆ ಹಸಿರಿನ ಉಗುರು ಬಣ್ಣವನ್ನು ಎರಡು ತೆಳು ಪದರ ಹಚ್ಚಿ. ಬಿಳಿಯ ತಳ ಇಲ್ಲದಿದ್ದರೆ ಕಪ್ಪು ಲೋಹದ ಮೇಲೆ ಯಾವ ಬಣ್ಣವೂ ಮಂಕು. ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಪದರ ಒಂದು. ಸೈಟಿನ ಮೇಲಂಚಿಗೆ ಬಣ್ಣ ಹರಿಯದಂತೆ ನೋಡಿಕೊಳ್ಳಿ, ಗುರಿ ಹಿಡಿಯುವುದು ಆ ಅಂಚಿನಿಂದಲೇ.

ಬಣ್ಣ ಸಾಲದು ಎನಿಸಿದರೆ ಸೈಟನ್ನೇ ಬದಲಾಯಿಸಬಹುದು. ಹಗಲಿನ ರೇಂಜಿಗೆ ಫೈಬರ್ ಆಪ್ಟಿಕ್ ಕಡ್ಡಿ ಇರುವುದು ಕಣ್ಣಿಗೆ ಹಬ್ಬ. ಬೆಳಕನ್ನು ಹೀರಿ ತುದಿಯಲ್ಲಿ ಹೊಳೆಯುತ್ತದೆ, ಕತ್ತಲಲ್ಲಿ ಮಾತ್ರ ಸುಮ್ಮನಾಗುತ್ತದೆ. ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ತುಂಬಿದ ಸೈಟ್ ಕತ್ತಲಲ್ಲಿ ತಾನೇ ಬೆಳಗುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ, ಅಂದರೆ ಅಷ್ಟು ಕಾಲದಲ್ಲಿ ಹೊಳಪು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಳೆಯ ದಾಸ್ತಾನಿನದನ್ನು ಕೊಳ್ಳುವಾಗ ತಯಾರಾದ ವರ್ಷವನ್ನು ನೋಡಿ.

ಸೈಟ್ ಹೊಂದಿಸುವ ಲೆಕ್ಕ ಸರಳ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಿ; ಮುಂದಿನದನ್ನು ಸರಿಸುವುದಾದರೆ ಅದರ ವಿರುದ್ಧ ಕಡೆಗೆ. ಎಷ್ಟು ಎಂದರೆ, ಗುಂಡು ತಪ್ಪಿದ ಅಂತರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟುಗಳ ನಡುವೆ 165 ಮಿಲಿಮೀಟರ್, ಗುರಿ 15 ಮೀಟರ್ ದೂರ, ಗುಂಡುಗಳು 50 ಮಿಲಿಮೀಟರ್ ಎಡಕ್ಕೆ ಎಂದಾದರೆ ಹಿಂದಿನ ಸೈಟ್ 0.55 ಮಿಲಿಮೀಟರ್ ಬಲಕ್ಕೆ ಹೋಗಬೇಕು. ಕೂದಲೆಳೆಯ ಕೆಲಸ. ಹಾಗಾಗಿ ಸುತ್ತಿಗೆ ಬೇಡ, ಸೈಟ್ ತಳ್ಳುವ ಸಾಧನ ಬಳಸಿ, ಇಲ್ಲವೇ ಕುಶಲಿಗೆ ಕೊಡಿ.

ಆದರೆ ಇದಕ್ಕೂ ಮೊದಲು ಒಂದು ಮಾತು. ಬಲಗೈಯವರ ಗುಂಡು ಎಡಕ್ಕೆ ಮತ್ತು ಕೆಳಕ್ಕೆ ಬಿದ್ದರೆ ಹೆಚ್ಚಿನ ಸಲ ತಪ್ಪು ಟ್ರಿಗರ್ ಎಳೆಯುವ ಬೆರಳಿನದು, ಸೈಟಿನದಲ್ಲ. ಅನುಭವಿ ಗುರಿಕಾರರೊಬ್ಬರಿಂದ ಅದೇ ಪಿಸ್ತೂಲಿನಲ್ಲಿ ಐದು ಗುಂಡು ಹಾರಿಸಿ ನೋಡಿ. ಅವರದು ನಡುವಿಗೆ ಬಿದ್ದರೆ ಸೈಟನ್ನು ಮುಟ್ಟಬೇಡಿ.

ಹಂತ 6: ರೆಡ್ ಡಾಟ್

ಸ್ಲೈಡಿನ ಮೇಲೆ ಕೂರುವ ಪುಟ್ಟ ಗಾಜು, ಅದರಲ್ಲೊಂದು ಕೆಂಪು ಚುಕ್ಕೆ. 2009ರಲ್ಲಿ ಟ್ರಿಜಿಕಾನ್ ಕಂಪನಿಯ ಆರ್‌ಎಂಆರ್ ಎಂಬ ರೆಡ್ ಡಾಟ್ ಬಂದ ಮೇಲೆ ಇದು ನಿಧಾನವಾಗಿ ಎಲ್ಲೆಡೆ ಹಬ್ಬಿತು. 2015ರಲ್ಲಿ ಗ್ಲಾಕ್ ತನ್ನ ಎಂಒಎಸ್ ಮಾದರಿಗಳಲ್ಲಿ ಸ್ಲೈಡನ್ನು ಇದಕ್ಕಾಗಿ ಕಾರ್ಖಾನೆಯಲ್ಲೇ ಕೊರೆದು ಕೊಡಲು ಶುರು ಮಾಡಿತು. ವಯಸ್ಸಾದ ಕಣ್ಣಿಗೆ ಇದು ನಿಜವಾದ ಉಪಕಾರ. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಮೂರನ್ನೂ ಸರಿದೂಗಿಸುವ ಹೆಣಗಾಟ ಇಲ್ಲ. ಕಣ್ಣು ಗುರಿಯ ಮೇಲೇ ಇರುತ್ತದೆ, ಚುಕ್ಕೆ ಅದರ ಮೇಲೆ ತೇಲುತ್ತದೆ.

ಕೊಳ್ಳುವ ಮೊದಲು ಸ್ಲೈಡಿನ ಕೊರೆತ ಯಾವ ಅಚ್ಚಿನದು ಎಂದು ತಿಳಿದುಕೊಳ್ಳಿ. ಆರ್‌ಎಂಆರ್, ಲ್ಯೂಪೋಲ್ಡಿನ ಡೆಲ್ಟಾಪಾಯಿಂಟ್ ಪ್ರೊ, ಸಣ್ಣ ಪಿಸ್ತೂಲುಗಳ ಶೀಲ್ಡ್ ಆರ್‌ಎಂಎಸ್‌ಸಿ, ಏಮ್‌ಪಾಯಿಂಟಿನ ಅಕ್ರೊ ಹೀಗೆ ಅಚ್ಚುಗಳು ಹಲವು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ನಡುವೆ ಅಡಾಪ್ಟರ್ ಫಲಕ ಬೇಕಾಗುತ್ತದೆ. ಚುಕ್ಕೆಯ ಗಾತ್ರವನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಒಎ ಎಂದರೆ 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಹಾಗಾಗಿ 25 ಮೀಟರಿನಲ್ಲಿ 3 ಎಂಒಎ ಚುಕ್ಕೆ ಸುಮಾರು 2.2 ಸೆಂಟಿಮೀಟರ್, 6 ಎಂಒಎ ಚುಕ್ಕೆ ಸುಮಾರು 4.4 ಸೆಂಟಿಮೀಟರ್ ಜಾಗವನ್ನು ಮುಚ್ಚುತ್ತದೆ. ನಿಖರ ಗುರಿಗೆ ಸಣ್ಣದು, ಬೇಗ ಕಾಣಲು ದೊಡ್ಡದು. ಅಂಗಡಿಯಲ್ಲಿ ನೋಡುವಾಗ ಚುಕ್ಕೆ ನಕ್ಷತ್ರದಂತೆಯೋ ಬಾಲವಿರುವಂತೆಯೋ ಕಂಡರೆ ಮೊಬೈಲ್ ಕ್ಯಾಮೆರಾದ ಮೂಲಕ ನೋಡಿ. ಅದರಲ್ಲಿ ಗುಂಡಗೆ ಕಂಡರೆ ಗಾಜು ಸರಿಯಿದೆ, ನಿಮ್ಮ ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರಬಹುದು.

ಜೋಡಿಸುವಾಗ ಸ್ಕ್ರೂ, ಸ್ಕ್ರೂವಿನ ರಂಧ್ರ, ಫಲಕ ಎಲ್ಲವನ್ನೂ ಆಲ್ಕೋಹಾಲಿನಿಂದ ಎಣ್ಣೆ ಇಲ್ಲದಂತೆ ಒರೆಸಿ. ಸ್ಕ್ರೂವಿನ ಉದ್ದ ತಯಾರಕರು ಹೇಳಿದ್ದೇ ಇರಲಿ. ಕೆಲವು ಪಿಸ್ತೂಲುಗಳಲ್ಲಿ ಉದ್ದವಾದ ಸ್ಕ್ರೂ ಕೆಳಗಿಳಿದು, ಖಾಲಿ ಕೇಸನ್ನು ಚೇಂಬರಿನಿಂದ ಎಳೆಯುವ ಎಕ್ಸ್‌ಟ್ರಾಕ್ಟರಿನ ಕಡ್ಡಿಯನ್ನು ಒತ್ತಿಹಿಡಿಯುತ್ತದೆ, ಆಗ ಖಾಲಿ ಕೇಸ್ ಹೊರಬರುವುದಿಲ್ಲ. ಸ್ಕ್ರೂವಿನ ಎಳೆಗಳಿಗೆ ಅದು ಸಡಿಲಾಗದಂತೆ ಹಿಡಿಯುವ ಅಂಟು, ಅಂದರೆ ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಟಾರ್ಕ್ ಸ್ಕ್ರೂಡ್ರೈವರಿನಿಂದ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಯಿರಿ; ಆರ್‌ಎಂಆರ್‌ಗೆ ಅದು 12 ಇಂಚ್ ಪೌಂಡ್, ಸುಮಾರು 1.4 ನ್ಯೂಟನ್ ಮೀಟರ್. ಕೈ ಅಂದಾಜಿನಲ್ಲಿ ಬಿಗಿದರೆ ಸ್ಕ್ರೂ ತುಂಡಾಗುತ್ತದೆ, ಇಲ್ಲವೇ ಸಡಿಲಾಗುತ್ತದೆ. ಸ್ಕ್ರೂವಿನ ತಲೆಯಿಂದ ಗಾಜಿನ ಚೌಕಟ್ಟಿಗೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡ ದಿನ ಸ್ಕ್ರೂ ತಿರುಗಿದೆ ಎಂದು ಅರ್ಥ. ಥ್ರೆಡ್‌ಲಾಕರ್ ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಿ.

ಸೊನ್ನೆ ಹೊಂದಿಸಲು, ಅಂದರೆ ಚುಕ್ಕೆ ಇದ್ದಲ್ಲೇ ಗುಂಡು ಬೀಳುವಂತೆ ಮಾಡಲು, ಮರಳಿನ ಚೀಲದ ಮೇಲೆ ಕೈ ಊರಿ 10 ಮೀಟರಿನಿಂದ ಐದು ಗುಂಡು ಹಾರಿಸಿ. ಒಂದು ಗುಂಡು ನೋಡಿ ತಿದ್ದಬೇಡಿ. ಐದರ ನಡುಬಿಂದುವನ್ನು ಹುಡುಕಿ ಅಲ್ಲಿಂದ ಅಳೆಯಿರಿ. ಒಂದು ಕ್ಲಿಕ್ಕಿಗೆ 1 ಎಂಒಎ ಇರುವ ಗಾಜಿನಲ್ಲಿ 10 ಮೀಟರಿಗೆ ಒಂದು ಕ್ಲಿಕ್ ಸುಮಾರು 2.9 ಮಿಲಿಮೀಟರ್ ಸರಿಸುತ್ತದೆ. ಗುಂಡುಗಳು 3 ಸೆಂಟಿಮೀಟರ್ ಎಡಕ್ಕಿದ್ದರೆ ಹತ್ತು ಕ್ಲಿಕ್ ಬಲಕ್ಕೆ. ಮತ್ತೆ ಐದು ಗುಂಡು, ಮತ್ತೆ ಅಳತೆ. ಆಮೇಲೆ ನಿಮ್ಮ ದೂರದ ಗುರಿಗೆ ಹೋಗಿ ಖಚಿತಪಡಿಸಿಕೊಳ್ಳಿ. ಗಾಜು ನಳಿಕೆಗಿಂತ ಮೇಲಿರುವುದರಿಂದ ಎರಡು ಮೂರು ಮೀಟರಿನಷ್ಟು ಹತ್ತಿರದ ಗುರಿಯಲ್ಲಿ ಗುಂಡು ಚುಕ್ಕೆಗಿಂತ ಕೆಳಗೆ ಬೀಳುತ್ತದೆ. ಅದು ದೋಷವಲ್ಲ.

ಮೊದಲ ದಿನಗಳಲ್ಲಿ ಪಿಸ್ತೂಲು ಎತ್ತಿದರೆ ಚುಕ್ಕೆಯೇ ಕಾಣದು. ತಲೆ ಆಡಿಸಿ ಹುಡುಕಬೇಡಿ. ಖಾಲಿ ಪಿಸ್ತೂಲಿನಿಂದ ಗೋಡೆಯ ಮೇಲಿನ ಒಂದು ಗುರುತನ್ನೇ ನೋಡುತ್ತ, ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ತರುವುದನ್ನು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿ. ಕೆಲವು ವಾರಗಳಲ್ಲಿ ಚುಕ್ಕೆ ತಾನಾಗಿಯೇ ಬಂದು ಕೂರುತ್ತದೆ. ಬ್ಯಾಟರಿಯನ್ನು ವರ್ಷಕ್ಕೊಮ್ಮೆ ನೆನಪಿರುವ ದಿನದಂದು ಬದಲಿಸಿ. ಆರ್‌ಎಂಆರ್‌ನಂತೆ ಬ್ಯಾಟರಿ ತಳದಲ್ಲಿರುವ ಮಾದರಿಗಳಲ್ಲಿ ಗಾಜನ್ನೇ ಕಳಚಬೇಕಾಗುತ್ತದೆ, ಆಗ ಸೊನ್ನೆಯನ್ನು ಮತ್ತೆ ಪರೀಕ್ಷಿಸಲೇಬೇಕು. ಗಾಜಿನ ಮೂಲಕ ಕಾಣುವಷ್ಟು ಎತ್ತರದ ಲೋಹದ ಸೈಟುಗಳನ್ನೂ ಉಳಿಸಿಕೊಳ್ಳಿ.

ಹಂತ 7: ಟಾರ್ಚ್, ಮ್ಯಾಗಜೀನ್

ಪಿಸ್ತೂಲಿನ ನಳಿಕೆಯ ಕೆಳಗಿನ ರೈಲಿಗೆ (ಸಾಧನ ಸಿಕ್ಕಿಸುವ ಹಳಿ) ಟಾರ್ಚ್ ಹಾಕಲು ಎರಡು ನಿಮಿಷ ಸಾಕು. ಅದನ್ನು ಬಳಸುವ ವಿವೇಕಕ್ಕೆ ಹೆಚ್ಚು ಕಾಲ ಬೇಕು. ಅದರ ಬೆಳಕು ಬಿದ್ದ ಕಡೆಗೆಲ್ಲ ನಳಿಕೆಯೂ ತಿರುಗಿರುತ್ತದೆ. ಕತ್ತಲಲ್ಲಿ ಏನಿದೆ ಎಂದು ಹುಡುಕಲು ಅದನ್ನು ಬಳಸಿದರೆ ನೀವು ಪಿಸ್ತೂಲು ತೋರಿಸುತ್ತಿರುವುದು ನಿಮ್ಮ ಮಗುವಿಗೋ ನೆರೆಯವರಿಗೋ ಆಗಿರಬಹುದು. ಹಾಗಾಗಿ ಮೊದಲು ಕೈಯಲ್ಲಿ ಹಿಡಿಯುವ ಒಳ್ಳೆಯ ಟಾರ್ಚ್ ಕೊಳ್ಳಿ, ಹುಡುಕುವುದಕ್ಕೆ ಅದು. ರೈಲಿಗೆ ಹಾಕಿದ್ದೇ ಆದರೆ ಪಿಸ್ತೂಲನ್ನು ಮತ್ತೆ ಇನ್ನೂರು ಗುಂಡಿಗೆ ಪರೀಕ್ಷಿಸಿ, ಮುಂದಿನ ತೂಕ ಸ್ಲೈಡಿನ ಓಟವನ್ನು ಬದಲಿಸಬಹುದು.

ಮ್ಯಾಗಜೀನ್ ಸವೆಯುವ ವಸ್ತು. ಕಾರ್ಖಾನೆಯದೇ ಮೂರು ನಾಲ್ಕು ಇಟ್ಟುಕೊಳ್ಳಿ, ಗುಂಡನ್ನು ಹಿಡಿದಿಡುವ ಮೇಲಿನ ತುಟಿ ಬಾಗಿದ್ದನ್ನು ನೆಟ್ಟಗೆ ಮಾಡಲು ಹೋಗದೆ ತೆಗೆದುಹಾಕಿ. ಗುಂಡು ತುಂಬುವ ಲೋಡರ್ ಹೆಬ್ಬೆರಳನ್ನು ಉಳಿಸುತ್ತದೆ. ಅಷ್ಟು ಸಣ್ಣ ವಸ್ತು ಇಷ್ಟು ಸುಖ ಕೊಡುವುದು ಅಪರೂಪ.

ಹಂತ 8: ಟ್ರಿಗರ್ ಬಳಿ ನಿಲ್ಲಿ

ಎಲ್ಲರೂ ಮೊದಲು ಕೈ ಹಾಕುವುದು ಇಲ್ಲಿಗೆ, ನಾನು ಕೊನೆಗೆ ಬರುವುದೂ ಇಲ್ಲಿಗೆ. ಪಿಸ್ತೂಲು ಕೆಳಗೆ ಬಿದ್ದರೂ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ, ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ನನ್ನು ಹಿಡಿದಿಡುವ ತಡೆ, ಒಂದು ಎಳೆತಕ್ಕೆ ಒಂದೇ ಗುಂಡು ಎಂಬ ಕಟ್ಟುಪಾಡು ಎಲ್ಲವೂ ಟ್ರಿಗರಿನ ಸುತ್ತಲಿನ ಕೆಲವೇ ಪುಟ್ಟ ಲೋಹದ ಅಂಚುಗಳ ಮೇಲೆ ನಿಂತಿವೆ. ಆ ಅಂಚನ್ನು ಮನೆಯಲ್ಲಿ ಅರ, ಉಜ್ಜುಗಲ್ಲು ಹಿಡಿದು ಉಜ್ಜಬೇಡಿ. ಸ್ಪ್ರಿಂಗ್ ಕತ್ತರಿಸಬೇಡಿ. ಸುರಕ್ಷತೆಯ ಯಾವ ಭಾಗವನ್ನೂ ತೆಗೆಯಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 1000 ಗ್ರಾಂ ಭಾರವಿರಬೇಕು. ವಿಶ್ವಮಟ್ಟದ ಗುರಿಕಾರರೇ ಅಷ್ಟು ಭಾರದೊಂದಿಗೆ ಹತ್ತರ ವೃತ್ತ ಹೊಡೆಯುತ್ತಾರೆ.

ಟ್ರಿಗರ್ ಹಗುರವಾಗಬೇಕೆನ್ನುವವರಿಗೆ ನನ್ನ ಮೊದಲ ಔಷಧ ಡ್ರೈ ಫೈರ್, ಅಂದರೆ ನಿಜವಾದ ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ. ಗುಂಡುಗಳು ಬೇರೆ ಕೋಣೆಯಲ್ಲಿರಲಿ, ಚೇಂಬರಿನಲ್ಲಿ ಅಭ್ಯಾಸದ ಡಮ್ಮಿ ಗುಂಡು ಇರಲಿ, ಎದುರಿಗೆ ಗುಂಡು ದಾಟದ ಗೋಡೆ ಇರಲಿ. ಸೈಟ್ ಅಲುಗದಂತೆ ದಿನಕ್ಕೆ ಐವತ್ತು ಸಲ ಟ್ರಿಗರ್ ಒತ್ತಿ. .22 ರಿಮ್‌ಫೈರ್ ಪಿಸ್ತೂಲಿನಲ್ಲಿ ಮಾತ್ರ ಕೈಪಿಡಿ ಒಪ್ಪದೆ ಖಾಲಿ ಒತ್ತಬೇಡಿ, ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ. ಎರಡು ತಿಂಗಳ ಮೇಲೂ ಬದಲಾವಣೆ ಬೇಕೆನಿಸಿದರೆ ಪಿಸ್ತೂಲಿನ ತಯಾರಕರು ಒಪ್ಪಿದ ಭಾಗವನ್ನು ಪರವಾನಗಿ ಇರುವ ಗನ್‌ಸ್ಮಿತ್‌ನಿಂದ ಹಾಕಿಸಿ.

ರಿಕಾಯಿಲ್ ಸ್ಪ್ರಿಂಗ್, ನಳಿಕೆಯ ತುದಿಯ ಪುಟಿತ ತಗ್ಗಿಸುವ ಕಾಂಪೆನ್ಸೇಟರ್, ಅಗಲವಾದ ಲಿವರ್ ಇವೆಲ್ಲ ಸ್ಪರ್ಧೆಯವರ ಲೋಕ. .45 ಕ್ಯಾಲಿಬರಿನ ಐದು ಇಂಚಿನ 1911 ಪಿಸ್ತೂಲಿಗೆ 16 ಪೌಂಡಿನ ಸ್ಪ್ರಿಂಗ್ ಎಂದು ನಿಗದಿಯಾಗಿರುವುದು ಗುಂಡಿನ ಬಲ, ಸ್ಲೈಡಿನ ತೂಕ ಎರಡನ್ನೂ ತೂಗಿ ನೋಡಿಯೇ. ಸವೆದಾಗ ಅದೇ ಅಳತೆಯದನ್ನು ಹಾಕಿ.

ಹಂತ 9: ಶುಚಿ, ಮತ್ತು ಮರುಪರೀಕ್ಷೆ

ನಳಿಕೆಯ ಒಳಗನ್ನು ಉಜ್ಜುವ ಒಂದು ಬೋರ್ ಬ್ರಷ್, ಬಟ್ಟೆಯ ತುಂಡುಗಳು, ದ್ರಾವಕ, ಎಣ್ಣೆ, ಹಳೆಯ ಟೂತ್‌ಬ್ರಷ್ ಇಷ್ಟು ಸಾಕು. ಗಾಳಿಯಾಡುವ ಕಡೆ ಕುಳಿತು ಶುಚಿ ಮಾಡಿ. ಗುಂಡಿನಲ್ಲೂ, ಅದನ್ನು ಸಿಡಿಸುವ ಹೆಚ್ಚಿನ ಪ್ರೈಮರ್‌ಗಳಲ್ಲೂ ಸೀಸ ಇರುತ್ತದೆ. ರೇಂಜಿನಿಂದ ಬಂದ ಮೇಲೆ, ಶುಚಿ ಮಾಡಿದ ಮೇಲೆ, ಏನನ್ನಾದರೂ ತಿನ್ನುವ ಮೊದಲು ತಣ್ಣೀರು ಮತ್ತು ಸೋಪಿನಿಂದ ಕೈ, ಮುಖ ತೊಳೆಯಿರಿ. ರೇಂಜಿನ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ಪ್ರತಿ ಬದಲಾವಣೆಯ ನಂತರ ಕ್ರಮ ಒಂದೇ. ಖಾಲಿ ಪಿಸ್ತೂಲಿನಲ್ಲಿ ಕೈಪಿಡಿ ಹೇಳಿದ ಕಾರ್ಯಪರೀಕ್ಷೆ ಮಾಡಿ. ರೇಂಜಿನಲ್ಲಿ ಮೊದಲ ಸಲ ಮ್ಯಾಗಜೀನಿಗೆ ಒಂದೇ ಗುಂಡು, ಆಮೇಲೆ ಎರಡು, ಆಮೇಲೆ ಪೂರ್ತಿ. ನೀವು ನಿಜವಾಗಿ ಬಳಸುವ ಗುಂಡಿನಲ್ಲಿ, ಎಲ್ಲ ಮ್ಯಾಗಜೀನುಗಳಲ್ಲಿ ಇನ್ನೂರು ಗುಂಡು ತೊಡಕಿಲ್ಲದೆ ಸಾಗಿದ ಮೇಲೆ ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು, ಮುಂದಿನ ಬದಲಾವಣೆಯ ಯೋಚನೆ ಮಾಡಿ. ಕಳಚಿದ ಕಾರ್ಖಾನೆಯ ಭಾಗಗಳನ್ನು ಹೆಸರು ಬರೆದ ಚೀಲದಲ್ಲಿ ಹಾಕಿ, ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ.